ಇನ್ನೂರ ನಾಲ್ಕು ಮೀಟರುಗಳ ಸುಳ್ಳು

ಠಾಣೆಯವರು ಕೊಟ್ಟ ವರದಿಯ ಪ್ರತಿಯಲ್ಲಿ ಒಟ್ಟು ಹದಿನಾಲ್ಕು ಸಾಲುಗಳಿದ್ದವು. ಒಂಬತ್ತನೆಯದನ್ನು ಶಿವಗಂಗಾ ಮೊದಲು ನಿಂತು ಓದಿದಳು, ಆಮೇಲೆ ಹೊರಗಿನ ಕಲ್ಲುಬೆಂಚಿನ ಮೇಲೆ ಕುಳಿತು ಓದಿದಳು, ಕೊನೆಗೆ ಬೆರಳಿಟ್ಟು ಒಂದೊಂದೇ ಪದವಾಗಿ ಓದಿದಳು. "ಸದರಿ ಪಾದಚಾರಿ ಮಹಿಳೆಯು ಎಡಬಲ ನೋಡದೆ ಏಕಾಏಕಿ ರಸ್ತೆಗೆ ಓಡಿಬಂದ ಕಾರಣ ಅಪಘಾತ ಸಂಭವಿಸಿರುತ್ತದೆ." ಹನ್ನೊಂದು ಪದ. ಅವುಗಳಲ್ಲಿ ನಿಜವಾದವು ಮೊದಲ ಮೂರು, ಕೊನೆಯ ಎರಡು ಮಾತ್ರ.

ಸದರಿ ಮಹಿಳೆಯ ಹೆಸರು ದುರ್ಗವ್ವ. ವಯಸ್ಸು ನಲವತ್ತನಾಲ್ಕು. ಕುಷ್ಟಗಿಯ ಕಡೆಯಿಂದ ಬಂದು ಜಿಗಣಿ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ಹತ್ತೊಂಬತ್ತು ವರ್ಷ ಪವರ್ ಪ್ರೆಸ್ ನಡೆಸಿದಾಕೆ. ಆ ಯಂತ್ರದಲ್ಲಿ ಅರವತ್ತಮೂರು ಟನ್ನಿನ ಒತ್ತಡದೊಡನೆ ಮೇಲಿನ ಅಚ್ಚು ಕೆಳಗಿಳಿದು, ತಗಡನ್ನು ಕತ್ತರಿಸಿ, ಮತ್ತೆ ಮೇಲೇರುತ್ತದೆ. ಪೂರ್ತಿ ಮೇಲೇರಿತೆಂಬುದಕ್ಕೆ ಹಸಿರು ದೀಪ ಹತ್ತುತ್ತದೆ. ಆಗ ಕೈಯನ್ನು ಒಳಗೆ ಚಾಚಿ ಕತ್ತರಿಸಿದ ತುಂಡನ್ನು ಹೊರತೆಗೆಯಬೇಕು. ದೀಪ ಹತ್ತಿದ ಮೇಲೂ ಅಚ್ಚು ಒಮ್ಮೊಮ್ಮೆ ಜಾರುವುದುಂಟು. ಹಾಗೆ ಜಾರಿದ ದಿನಗಳ ಗುರುತನ್ನು ಆ ವಿಭಾಗದ ಹಲವರು ಕೈಯಲ್ಲೇ ಹೊತ್ತು ತಿರುಗುತ್ತಾರೆ. ದುರ್ಗವ್ವನಿಗೆ ಹತ್ತು ಬೆರಳೂ ಇದ್ದವು. ಪ್ರೆಸ್ ವಿಭಾಗದಲ್ಲಿ ಹತ್ತೊಂಬತ್ತು ವರ್ಷದ ಮೇಲೆ ಹತ್ತು ಬೆರಳೆಂದರೆ ಅದು ಪದಕಕ್ಕಿಂತ ದೊಡ್ಡದು.

ರೋಣ ತಾಲ್ಲೂಕಿನಿಂದ ಬಂದ ಶಿವಗಂಗಾ ಏಳು ವರ್ಷದ ಹಿಂದೆ ಆ ಯಂತ್ರದ ಮುಂದೆ ಮೊದಲ ಸಲ ನಿಂತಾಗ, ಆಕೆಯ ಮಣಿಕಟ್ಟನ್ನು ಹಿಡಿದು ಕಲಿಸಿದವಳು ದುರ್ಗವ್ವನೇ. "ಹಸಿರು ಕಂಡ ಮ್ಯಾಲ ಒಂದು ಉಸುರು. ಆಮ್ಯಾಲ ಕೈ. ಉಸುರು ಬಿಡೂತನ ಕೈ ನಿಂದಲ್ಲ, ತಿಳಿತೇನ?"

ಈ ಒಂದು ಉಸಿರಿನಿಂದ ಗಂಟೆಗೆ ಮೂವತ್ತು ನಲವತ್ತು ತುಂಡು ಕಡಿಮೆ ಬೀಳುತ್ತದೆಂದು ಮೇಲ್ವಿಚಾರಕರು ಗದರಿದರೆ ಆಕೆ ಎರಡೂ ಅಂಗೈ ಎತ್ತಿ ಅವರ ಮುಖದ ಮುಂದೆ ಹಿಡಿಯುತ್ತಿದ್ದಳು. "ಮೊದ್ಲ ಬೆರಳು ಎಣಸ್ರಿ ಸಾರ್. ಆಮ್ಯಾಲ ಪೀಸ್ ಎಣಸ್ರಿ."

ರಸ್ತೆಯಲ್ಲಿಯೂ ಆಕೆಗೆ ಇದೇ ಕಾಯಿದೆ. ಅಂಚಿನಲ್ಲಿ ನಿಲ್ಲುವುದು, ಬಲಕ್ಕೆ ನೋಡುವುದು, ಎಡಕ್ಕೆ ನೋಡುವುದು, ಮತ್ತೆ ಬಲಕ್ಕೆ, ಒಂದು ಉಸಿರು, ಆಮೇಲೆ ಕಾಲು. ಜೊತೆಯ ಹೆಂಗಸರು ದಾಟಿ ಆಚೆ ಹೋಗಿ, "ಬರ್ತೀಯೇನಬೇ ಅಕ್ಕಾ, ಇಲ್ಲಾ ಊಟದ ಡಬ್ಬಿ ಅಲ್ಲೇ ಬಿಚ್ಚತೀಯೋ?" ಎಂದು ನಗುತ್ತಿದ್ದರು. ಇಂಥ ಹೆಂಗಸು "ಏಕಾಏಕಿ ಓಡಿಬಂದಳು" ಎಂದು ಸರ್ಕಾರಿ ಕಾಗದದಲ್ಲಿ, ಸರ್ಕಾರಿ ಮೊಹರಿನ ಕೆಳಗೆ ಬರೆಯಲಾಗಿತ್ತು.

ನಡೆದದ್ದು ಇಷ್ಟು. ಎರಡು ಸಾವಿರದ ಇಪ್ಪತ್ತೈದನೆಯ ಇಸವಿ ಜನವರಿ ಇಪ್ಪತ್ತಮೂರು, ಗುರುವಾರ, ಬೆಳಿಗ್ಗೆ ಆರು ಗಂಟೆ ಹತ್ತು ನಿಮಿಷ. ದಿನವೂ ಶಿವಗಂಗಾಳ ಬೈಕಿನ ಹಿಂದೆ ಕೂರುತ್ತಿದ್ದ ದುರ್ಗವ್ವ ಅಂದು ಒಬ್ಬಳೇ ನಡೆದು ಹೊರಟಿದ್ದಳು. ಶಿವಗಂಗಾಳಿಗೆ ಆ ವಾರ ಎರಡನೆಯ ಪಾಳಿ. ಕಾರ್ಖಾನೆಯ ಗೇಟಿನ ಎದುರಿನ ಜೀಬ್ರಾ ಪಟ್ಟೆಯ ಮೇಲೆ, ಪಟ್ಟೆಯ ಪಕ್ಕದಲ್ಲಲ್ಲ, ಪಟ್ಟೆಯ ಮೇಲೆಯೇ, ಒಂದು ಬೈಕು ಆಕೆಗೆ ಬಡಿಯಿತು. ಬಲ ಮೊಣಕಾಲಿನ ಕೆಳಗಿನ ಎರಡೂ ಮೂಳೆ ಮುರಿದವು. ಇನ್ನೂರು ಸಿಸಿಯ ಆ ಬೈಕು ಹರ್ಷವರ್ಧನನದು. ಅವನು ಇಪ್ಪತ್ತೆರಡು ವರ್ಷದ ಯುವಕ. ದುರ್ಗವ್ವ ಮತ್ತು ಶಿವಗಂಗಾ ಬಾಡಿಗೆಗಿದ್ದ ಮೂರು ಅಂತಸ್ತಿನ ಕಟ್ಟಡದ ಮಾಲೀಕ ಕೃಷ್ಣಪ್ಪನವರ ಮಗ. ಬೇಕರಿಯ ಮೂಲೆಯಿಂದ ಆ ಗೇಟಿನವರೆಗೆ ಇಬ್ಬಿಬ್ಬರಾಗಿ ಬೈಕು ಹಾರಿಸುವುದು ಅವನಿಗೂ ಅವನ ಗೆಳೆಯರಿಗೂ ಮುಂಜಾನೆಯ ವಿನೋದ. ಸಾವಿರಾರು ಜನ ಮೊದಲ ಪಾಳಿಗೆ ನಡೆದು ಹೋಗುವ ರಸ್ತೆಯನ್ನು ಪಂದ್ಯದ ಅಂಗಳ ಮಾಡಿಕೊಳ್ಳುವುದನ್ನು ವಿನೋದವೆಂದು ಕರೆಯುವ ನಾಲಿಗೆಗಳೂ ಇವೆ ಎಂಬುದೇ ಆಶ್ಚರ್ಯ.

ಕಣ್ಣಾರೆ ಕಂಡ ಸಾಕ್ಷಿ ಒಬ್ಬರಿದ್ದರು: ಗೇಟಿನ ಕಾವಲುಗಾರ ಹನುಮಯ್ಯ. ಅವರಿಗೆ ಅರವತ್ತಾರು ವರ್ಷ. ಕಾವಲಿಗೆ ಸೇರುವ ಮುನ್ನ ಸರ್ಕಾರಿ ಬಸ್ಸಿನ ಚಾಲಕರಾಗಿ ಮೂವತ್ತೊಂದು ವರ್ಷ ನಾಲ್ಕು ತಿಂಗಳು ದುಡಿದು ನಿವೃತ್ತರಾದವರು. ದುರ್ಗವ್ವ ನಿಂತು ನೋಡಿಯೇ ಕಾಲಿಟ್ಟಳೆಂದೂ, ಬೈಕಿನ ವೇಗ ಎಂಬತ್ತರ ಮೇಲಿತ್ತೆಂದೂ ಅವರು ಹೇಳಿಕೆ ಕೊಟ್ಟರು. ಹರ್ಷವರ್ಧನನ ಹೇಳಿಕೆಯನ್ನು ವಕೀಲರೊಬ್ಬರು ಅಚ್ಚುಕಟ್ಟಾಗಿ ಬರೆದುಕೊಟ್ಟಿದ್ದರು: ಗಾಡಿ ಬೇಕರಿಯ ಬಳಿ ನಿಂತಿತ್ತು, ಅಲ್ಲಿಂದ ಆಗ ತಾನೇ ಹೊರಟಿತ್ತು, ನಿಂತಲ್ಲಿಂದ ಹೊರಟ ಗಾಡಿ ಅಷ್ಟು ಅಲ್ಪ ದೂರದಲ್ಲಿ ಎಂಬತ್ತು ಮುಟ್ಟುವುದು ಅಸಾಧ್ಯ, ವೇಗ ನಲವತ್ತನ್ನು ಮೀರಿರಲಿಲ್ಲ. ತನಿಖಾಧಿಕಾರಿ ಅದನ್ನು ಒಪ್ಪಿದರು. ವಾಹನ ತಪಾಸಣೆಯಾದದ್ದು ಬ್ರೇಕಿನದು ಮಾತ್ರ. ಹನುಮಯ್ಯನವರ ಮಾತು "ವಯೋಸಹಜ ದೃಷ್ಟಿದೋಷದ ಕಾರಣ" ಕಸದ ಬುಟ್ಟಿ ಸೇರಿತು.

ಫೆಬ್ರವರಿ ಇಪ್ಪತ್ತರಂದು ವರದಿಯ ಪ್ರತಿ ಸಿಕ್ಕಿತು. ಮರುದಿನ ಪಾಳಿ ಮುಗಿಸಿ ಶಿವಗಂಗಾ ಹನುಮಯ್ಯನವರನ್ನು ಕರೆದುಕೊಂಡು ಠಾಣೆಗೆ ಹೋದಳು.

"ನೋಡಮ್ಮ," ಎಂದರು ಅಧಿಕಾರಿ, ಕಡತದಿಂದ ತಲೆಯೆತ್ತದೆ, "ನಿಂತಿದ್ದ ಗಾಡಿ ಇನ್ನೂರು ಮೀಟ್ರಲ್ಲಿ ಎಂಬತ್ತು ಹೋಗಕ್ಕೆ ಅದೇನು ರಾಕೆಟ್ಟಾ?"

"ನಾನು ಕಂಡಿದ್ದು ಎಂಬತ್ತರ ಮ್ಯಾಕೇ ಸ್ವಾಮಿ," ಎಂದರು ಹನುಮಯ್ಯ. "ಎದುರುಗಡೆ ಗಾಡಿ ಎಷ್ಟರಾಗೆ ಬರ್ತೈತೆ ಅಂತ ತಿಳೀದಿದ್ರೆ ನಾನೂ ಇರ್ತಿರ್ನಿಲ್ಲ, ನನ್ನ ಬಸ್ನಾಗೆ ಕುಂತೋರೂ ಇರ್ತಿರ್ನಿಲ್ಲ."

"ತಾತ, ಕನ್ನಡಕದ ನಂಬರ್ ಎಷ್ಟು?"

"ಓದಕ್ಕೆ ಎರಡು. ದೂರಕ್ಕೆ ಏನೂ ಇಲ್ಲ."

ಅಧಿಕಾರಿಗೆ ನಗು ಬಂತು. ಶಿವಗಂಗಾಳಿಗೆ ಕಿವಿಯವರೆಗೆ ಬಿಸಿಯೇರಿತು. ತನ್ನ ಮೊಬೈಲಿನಲ್ಲಿ ವೇಗ ಅಳೆಯುವ ವಿಧಾನವಿದೆ, ತೋರಿಸುತ್ತೇನೆ ಎಂದಳು. ಅವರು ಕೈಯಾಡಿಸಿದರು.

"ಮೊಬೈಲಲ್ಲಿ ಏನು ಬೇಕಾದ್ರೂ ಬರುತ್ತೆ. ಮೆಷೀನ್ ಪ್ರಿಂಟ್ ಮಾಡಿರೋ ಪೇಪರ್ ಇದ್ರೆ ತಗೊಂಬಾ. ಸೀಲ್ ಇರಬೇಕು. ಇಲ್ಲಾಂದ್ರೆ ಸುಮ್ನೆ ನಮ್ಮ ಟೈಮ್ ತಿನ್ಬೇಡಿ."

ಹೊರಗೆ ಬಂದ ಶಿವಗಂಗಾ ನೇರ ಬೇಕರಿಯ ಮೂಲೆಗೆ ಹೋದಳು. ಕಾರ್ಖಾನೆಯಿಂದ ಕೇಳಿ ತಂದ ಅಳತೆಪಟ್ಟಿಯ ಒಂದು ತುದಿಯನ್ನು ಹನುಮಯ್ಯ ಹಿಡಿದರು. ಬೇಕರಿಯ ಕಟ್ಟೆಯಿಂದ ಜೀಬ್ರಾ ಪಟ್ಟೆಯ ಮೊದಲ ಗೆರೆಗೆ ಇನ್ನೂರ ನಾಲ್ಕು ಮೀಟರು. ಎರಡು ಸಲ ಅಳೆದರು. ಎರಡು ಸಲವೂ ಅಷ್ಟೇ.

ಆ ಸಂಜೆ ಕಟ್ಟಡದ ಬಾಗಿಲಲ್ಲಿ ಕೃಷ್ಣಪ್ಪನವರು ಅಡ್ಡ ನಿಂತರು. "ಏನವ್ವಾ, ರೋಡ್ ಅಳೀತಿದ್ರಂತೆ? ಉಡುಗ್ ಬುದ್ಧಿ, ಏನೋ ಆಗೋಯ್ತು. ಆಸ್ಪತ್ರೆ ಖರ್ಚು ಕೊಟ್ಟಿವ್ನಲ್ಲ. ಕೇಸು ಅಂತ ನಿಂತ್ರೆ ನಾಳೆ ಅವನ ಪಾಸ್‌ಪೋರ್ಟ್‌ಗೆ ಕಲ್ಲು ಬೀಳ್ತೈತೆ."

"ಮೂರನೇ ಮಹಡಿಗೆ ಐವತ್ತೊಂದು ಮೆಟ್ಲ ಅದಾವ್ರಿ," ಎಂದಳು ಶಿವಗಂಗಾ. "ಹತ್ತಿ ಬಂದು ಅಕ್ಕನ ಕಾಲು ಒಂದ ಸಲಾನಾರ ನೋಡೀರೇನ್ರಿ? ಆಕಿ ತಿಂಗಳಾತು ಬಿಸಲು ಕಾಣದ."

ಕೃಷ್ಣಪ್ಪನವರು ನೋಡಿರಲಿಲ್ಲ. ನೋಡುವುದಾಗಿಯೂ ಹೇಳಲಿಲ್ಲ.

ಕೋಣೆಯಲ್ಲಿ ದುರ್ಗವ್ವ ವರದಿಯನ್ನು ಓದಿಸಿಕೊಂಡಳು. ವೈದ್ಯರು ಮುರಿದ ಕಾಲಿನೊಳಗೆ ಕೂರಿಸಿದ ಸರಳಿನ ಬಗ್ಗೆ ಒಂದು ದಿನವೂ ಅಳದಿದ್ದವಳು ಒಂಬತ್ತನೆಯ ಸಾಲಿಗೆ ಗೋಡೆ ಹಿಡಿದು ಎದ್ದು ಕುಳಿತಳು. "ಓಡಿ ಬಂದೆ ಅಂದ್ರ? ನಾನು?" ಎಂದಳು. "ಕಾಲು ಹ್ವಾದ್ರ ಹೋಗ್ಲಿ. ಈ ಮಾತು ಹಂಗ ಉಳಿಬಾರದು ಶಿವಗಂಗಾ. ನಾ ಕಲಿಸಿದ ಹುಡುಗ್ಯಾರು ನಾಳೆ ಇದನ್ನ ಕೇಳಿ, 'ಅಕ್ಕನೂ ಅವಸರ ಮಾಡಿದ್ಲಂತ' ಅಂದು ಕೈ ಹಾಕಿಬಿಟ್ರ?"

ಅದರ ನಂತರ ಶಿವಗಂಗಾಳಿಗೆ ಬೇರೆ ಯೋಚನೆ ಬರಲಿಲ್ಲ.

ಹೆಬ್ಬಗೋಡಿಯಲ್ಲಿ ಗ್ಯಾರೇಜು ಇಟ್ಟಿದ್ದ ಮುತ್ತಣ್ಣ ಇಳಕಲ್ಲಿನ ಕಡೆಯವನು. ಶಿವಗಂಗಾಳ ನೂರರವತ್ತು ಸಿಸಿಯ ಹಳೆಯ ಬೈಕನ್ನು ಕೊಡಿಸಿದವನೂ ರಿಪೇರಿ ಮಾಡುತ್ತಿದ್ದವನೂ ಅವನೇ. ವಕೀಲರ ವಾಕ್ಯವನ್ನು ಕೇಳಿ ಅವನು ಕೈಯಲ್ಲಿದ್ದ ಸ್ಪ್ಯಾನರನ್ನು ಕೆಳಗಿಟ್ಟ.

"ಇನ್ನೂರು ಸಿಸಿ ಗಾಡಿ ಎಂಬತ್ತು ಮುಟ್ಟಾಂಗಿಲ್ಲಂತ? ಅದನ್ನ ಬರದವನ್ನ ಕರಕೊಂಡು ಬಾ ತಂಗಿ. ಹಿಂದ ಕುಂದರಿಸಿಕೊಂಡು ತೋರಸ್ತೀನಿ. ಇಳಿಯೂ ಮುಂದ ಅವನ ಕೋಟು ಅವನ ಮೈಮ್ಯಾಲ ಇದ್ರ ಕೇಳು. ಅದ್ಯಾಕ, ನಿನ್ನ ಗಾಡೀನ ಮುಟ್ಟತೈತಿ, ಓಡ್ಸೂ ಹಂಗ ಓಡಿಸಿದ್ರ."

"ನಿಮ್ಮ ಮಾತು ನಡ್ಯಾಂಗಿಲ್ಲ ಅಣ್ಣಾ. ಅವರಿಗೆ ಸೀಲ್ ಇದ್ದ ಕಾಗದ ಬೇಕಂತ."

ಮುತ್ತಣ್ಣ ಗದ್ದ ತುರಿಸುತ್ತ ಒಂದು ದಾರಿ ಹೇಳಿದ. ಮಾಲೂರು ರಸ್ತೆಯಲ್ಲಿ ವಾಹನಗಳನ್ನು ಓಡಿಸಿ ನೋಡುವ ನೇರ ಡಾಂಬರು ಹಾದಿ, ಖಾಸಗಿ ಪರೀಕ್ಷಾ ಪಟ್ಟಿಯೊಂದಿದೆ. ಅಲ್ಲಿ ಏಪ್ರಿಲ್ ಹದಿಮೂರು, ಭಾನುವಾರ, ಅನುಮತಿ ಪಡೆದ ಡ್ರ್ಯಾಗ್ ಪಂದ್ಯವಿದೆ. ಇಬ್ಬರು ಪಕ್ಕಪಕ್ಕದಲ್ಲಿ ನಿಂತು, ಮೂರು ಹಳದಿ ದೀಪಗಳ ಬೆನ್ನಿಗೆ ಹಸಿರು ಬಿದ್ದೊಡನೆ ನೆಟ್ಟಗೆ ಓಡಿಸುವುದು, ತಿರುವಿಲ್ಲ, ಮುರುವಿಲ್ಲ, ದೂರ ಇನ್ನೂರ ಒಂದು ಮೀಟರು. ಹಿಡಿದ ಸಮಯವನ್ನೂ ಕೊನೆಯ ಗೆರೆಯಲ್ಲಿದ್ದ ವೇಗವನ್ನೂ ಯಂತ್ರವೇ ಅಚ್ಚು ಹಾಕಿ ಚೀಟಿ ಕೊಡುತ್ತದೆ.

"ಇನ್ನೂರ ಒಂದು," ಎಂದಳು ಶಿವಗಂಗಾ. ರಸ್ತೆಯ ದೂರಕ್ಕಿಂತ ಮೂರು ಮೀಟರು ಕಡಿಮೆ. "ಓಡಸ್ರಿ ನನ್ನ ಗಾಡಿ."

"ನಾನು ನೂರಾ ನಾಕು ಕಿಲೋ ಅದೀನವಾ. ನಾ ಕುಂತ್ರ ಅದು ಬೈಕ್ ಅಲ್ಲ, ಚಕ್ಕಡಿ."

"ಹಂಗಾರ ಕಲಸ್ರಿ. ನಾನ ಓಡಸ್ತೀನಿ."

ಮುಚ್ಚಿಹೋದ ಗ್ರಾನೈಟ್ ಘಟಕವೊಂದರ ಸಿಮೆಂಟು ಅಂಗಳ, ಉದ್ದ ತೊಂಬತ್ತು ಮೀಟರು, ಮಾಲೀಕರ ಒಪ್ಪಿಗೆಯೊಡನೆ ಏಳು ಭಾನುವಾರಗಳಿಗೆ ಸಿಕ್ಕಿತು. ಏಳು ವರ್ಷ ಬೈಕು ಓಡಿಸಿದ್ದ ಶಿವಗಂಗಾಳಿಗೆ ಮೊದಲ ಭಾನುವಾರವೇ ತಿಳಿದದ್ದು, ತನಗೆ ಬೈಕು ಓಡಿಸಲು ಬರುವುದಿಲ್ಲವೆಂದು. ಕೆಲಸಕ್ಕೆ ಹೋಗುವಾಗ ಕ್ಲಚ್ಚನ್ನು ಬಿಟ್ಟು ಆಮೇಲೆ ಆಕ್ಸಿಲರೇಟರ್ ತಿರುವುತ್ತೇವೆ. ಇಲ್ಲಿ ಎಂಜಿನ್ನು ಮೊದಲೇ ಕೂಗುತ್ತಿರಬೇಕು. ಕ್ಲಚ್ಚು ಅರ್ಧ ಹಿಡಿದಲ್ಲಿ ಹಿಂಚಕ್ರ ನೆಲ ಕಚ್ಚುವುದನ್ನು ಎಡಗೈಯ ಎರಡು ಬೆರಳು ಕೇಳಿಸಿಕೊಳ್ಳಬೇಕು. ಹೆಚ್ಚು ಬಿಟ್ಟರೆ ಮುಂಚಕ್ರ ಎದ್ದು ಎದೆಗೆ ಬರುತ್ತದೆ, ಕಡಿಮೆ ಬಿಟ್ಟರೆ ಎಂಜಿನ್ನು ಉಸಿರುಗಟ್ಟಿ ನಿಲ್ಲುತ್ತದೆ. ಅಂದು ಅದು ಹನ್ನೊಂದು ಸಲ ನಿಂತಿತು. ಒಮ್ಮೆ ಮುಂಚಕ್ರ ಎದ್ದು ಅವಳನ್ನು ಅಂಗಳಕ್ಕೆ ಒಗೆಯಿತು, ಮೊಣಕೈ ತರಚಿತು.

"ಟ್ಯಾಂಕ್ ಮ್ಯಾಲ ಎದಿ ಇಡು. ಇನ್ನಾ ಬಗ್ಗು. ಕೂಸು ಎತ್ತಿಕೊಂಡಂಗಲ್ಲ, ಗೂಳಿ ಕೊಂಬು ಹಿಡದಂಗ," ಎಂದು ಮುತ್ತಣ್ಣ ಅಂಗಳದಂಚಿನಿಂದ ಕೂಗುತ್ತಿದ್ದ.

ಇದೆಲ್ಲ ಕ್ರಮೇಣ ಕೈಗೆ ಹತ್ತಿತು. ಹತ್ತದಿದ್ದದ್ದು ಒಂದೇ. ಮುತ್ತಣ್ಣ ಹಸಿರು ಟಾರ್ಚು ಹಿಡಿದು ದೀಪದ ಅಭ್ಯಾಸ ಮಾಡಿಸತೊಡಗಿದಾಗ, ಹಸಿರು ಬೀಳುತ್ತಿತ್ತು, ಎಂಜಿನ್ನು ಕೂಗುತ್ತಿತ್ತು, ಶಿವಗಂಗಾ ಮಾತ್ರ ಕಲ್ಲಿನಂತೆ ಕುಳಿತಿರುತ್ತಿದ್ದಳು. ಒಂದು ಉಸಿರಿನ ಮೇಲೆ ಬೈಕು ಹಾರುತ್ತಿತ್ತು.

"ಏನ್ ಮಾಡಾಕತ್ತಿ? ಮುಹೂರ್ತ ನೋಡ್ತಿ ಏನು?"

"ಕೈ ಬಿಡವಲ್ದು ಅಣ್ಣಾ."

"ಹಳದಿ ಇದ್ದಾಗನ ಕೈ ತಯಾರಿರಬೇಕು. ಹಸಿರು ಕಾಣೂತನ ಕುಂತ್ರ ಬಾಜೂದಾವ ಊರ ಸೇರಿರ್ತಾನ."

ಶಿವಗಂಗಾ ಸಿಟ್ಟಿನಿಂದ ಹಲ್ಲು ಕಚ್ಚಿ ಮತ್ತೆ ಮತ್ತೆ ಯತ್ನಿಸಿದಳು. ಏಳು ವರ್ಷ, ಪಾಳಿಗೆ ಎರಡು ಸಾವಿರ ಸಲ, ಹಸಿರಿನ ಮುಂದೆ ತಡೆದು ನಿಂತ ಕೈ ಅದು; ಯಾರ ಮಾತನ್ನೂ ಕೇಳಲಿಲ್ಲ. ಕೊನೆಗೆ ಮುತ್ತಣ್ಣನೇ ಸಮಾಧಾನ ಹೇಳಿದ: ಯಂತ್ರ ಹೊತ್ತು ಎಣಿಸಲು ತೊಡಗುವುದು ಚಕ್ರ ಗೆರೆ ಬಿಟ್ಟ ಮೇಲೆ, ತಡವಾಗಿ ಹೊರಟರೆ ಪಂದ್ಯ ಸೋಲಬಹುದು, ಚೀಟಿಯಲ್ಲಿನ ವೇಗಕ್ಕೆ ಕುಂದಿಲ್ಲ. "ನಿನಗ ಬೇಕಾದ್ದು ಕಪ್ಪಲ್ಲ, ಕಾಗದ. ಉಸುರು ತಗೊಂಡ ಹೋಗು."

ತೊಂಬತ್ತು ಮೀಟರಿನ ಅಂಗಳದಲ್ಲಿ ಮೂರನೆಯ ಗೇರಿನ ಆಚೆ ಕಲಿಯಲಾಗುತ್ತಿರಲಿಲ್ಲ. ಮಾರ್ಚ್ ಕೊನೆಯ ವಾರ ಶಿವಗಂಗಾ, "ಬೇಕರಿ ರಸ್ತಾದಾಗ ಮುಂಜಾನೆ ಐದಕ್ಕ ಒಮ್ಮೆ ಓಡಿಸಿ ನೋಡ್ಲೇನು?" ಎಂದು ಕೇಳಿದಳು. ನಗುನಗುತ್ತಲೇ ಬೈಯುತ್ತಿದ್ದ ಮುತ್ತಣ್ಣ ಅಂದು ನಗಲಿಲ್ಲ. "ಐದಕ್ಕ ಕಸ ಗುಡಿಸೂ ಹೆಣ್ಮಕ್ಕಳು ಇರ್ತಾರ ಅಲ್ಲಿ. ಹಂಗ ಮಾಡಿದ್ರ ನಿನಗೂ ಅವನಿಗೂ ಏನ್ ಫರಕು? ಇನ್ನೊಮ್ಮೆ ಈ ಮಾತು ಆಡಿದ್ರ ಗಾಡಿ ಬಿಚ್ಚಿ ಗೋಣಿಚೀಲದಾಗ ಕಟ್ಟಿ ಕೊಡ್ತೀನಿ." ಶಿವಗಂಗಾ ತಲೆ ತಗ್ಗಿಸಿದಳು. ಸಿಟ್ಟು ಮನುಷ್ಯರನ್ನು ಎಲ್ಲಿಯವರೆಗೆ ಒಯ್ಯುತ್ತದೆಂದು ಅವಳಿಗೆ ಅಂದು ಅರಿವಾಯಿತು.

ಏಪ್ರಿಲ್ ಹದಿಮೂರರ ಬೆಳಿಗ್ಗೆ ಹತ್ತಕ್ಕೇ ಪರೀಕ್ಷಾ ಪಟ್ಟಿಯ ಡಾಂಬರು ಮೆತ್ತಗಾಗಿತ್ತು. ಅರವತ್ತೆಂಟು ಸ್ಪರ್ಧಿಗಳಲ್ಲಿ ಹೆಂಗಸರು ಮೂವರು. ಎರವಲು ಜಾಕೆಟ್ಟು ಶಿವಗಂಗಾಳ ಮೊಣಕಾಲಿಗೆ ಬರುತ್ತಿತ್ತು. ಸಮಯಪಾಲಕರು ಪದ್ಮಾವತಿ ಎಂಬ ಮಧ್ಯವಯಸ್ಸಿನ ಮಹಿಳೆ. ಕತ್ತಿನಲ್ಲಿ ಸೀಟಿ, ಮುಂದೆ ಮುದ್ರಣಯಂತ್ರ, ಪಕ್ಕದಲ್ಲಿ ಮೊಹರು. ಒಬ್ಬರಿಗೆ ಮೂರೇ ಓಟ, ಎಂಜಿನ್ನು ನಿಂತರೂ ಅದು ಒಂದು ಓಟವೇ ಎಂದು ಅವರು ಮೊದಲೇ ಸಾರಿದ್ದರು. ನಿಯಮವನ್ನು ನಿಯಮದಂತೆ ಹೇಳುವವರನ್ನು ಶಿವಗಂಗಾ ಆ ಮೂರು ತಿಂಗಳಲ್ಲಿ ಕಂಡದ್ದು ಅದೇ ಮೊದಲು.

ಮೊದಲ ಓಟದಲ್ಲಿ ಎಂಜಿನ್ನು ನಿಂತಿತು. ಗುಂಪು ಹೋ ಎಂದಿತು. ಚೀಟಿಯಿಲ್ಲ.

ಎರಡನೆಯ ಓಟದಲ್ಲಿ ಹಸಿರು ಬಿತ್ತು, ಒಂದು ಉಸಿರು, ಬೈಕು ಹೊರಟಿತು. ಎರಡನೆಯ ಗೇರಿಗೆ ಹೋಗುವಾಗ ಕಾಲು ಜಾರಿ ಗೇರು ಬೀಳಲಿಲ್ಲ, ಮತ್ತೆ ಒದ್ದಳು. ಚೀಟಿ ಕೈಗೆ ಬಂತು: ಹದಿಮೂರು ಸೆಕೆಂಡು ಚಿಲ್ಲರೆ, ವೇಗ ಎಪ್ಪತ್ತನಾಲ್ಕು. ಸಾಲದು. ಅವಳು ಚೀಟಿಯನ್ನು ಹರಿದೊಗೆಯಲು ಹೊರಟವಳು ತಡೆದಳು. ಅದರಲ್ಲಿ ಎರಡು ಪಂಕ್ತಿಗಳಿದ್ದವು. ಎಡದ್ದು ತನ್ನದು. ಬಲದ್ದು, ಪಕ್ಕದಲ್ಲಿ ಓಡಿಸಿದ ಅಪರಿಚಿತನದು: ಅವನ ಸಮಯ, ಅವನ ವೇಗ, ಎಲ್ಲವೂ.

ಅಷ್ಟರಲ್ಲಿ ಹಿಂದಿನಿಂದ ಪರಿಚಿತ ದನಿ ಕೇಳಿಸಿತು. "ಮಗಾ, ನೋಡ್ರೋ ಯಾರು ಬಂದಿದಾರೆ! ನಮ್ಮ ಮೂರನೇ ಫ್ಲೋರ್ ಅಕ್ಕ!"

ಹರ್ಷವರ್ಧನ್ ನಾಲ್ವರು ಗೆಳೆಯರೊಡನೆ ನಿಂತಿದ್ದ. ಮೂರನೆಯ ದಿನವೇ ಠಾಣೆಯಿಂದ ಬಿಡಿಸಿಕೊಂಡು ಬಂದಿದ್ದ ಅದೇ ಬೈಕು, ಅದೇ ಸಂಖ್ಯೆ. ಮುಂದಿನ ದೀಪದ ಗಾಜು ಮಾತ್ರ ಹೊಸದು.

"ಹಸಿರು ಬಿದ್ಮೇಲೆ ನಿದ್ದೆ ಹೊಡೀತಿದ್ಯಲ್ಲ ಅಕ್ಕ, ನೈಟ್ ಶಿಫ್ಟಾ? ಲಾಸ್ಟ್ ರನ್ ನನ್ ಜೊತೆ ಹೊಡಿ ಬಾ. ಮನೇಲಿ ಸೌಂಡ್ ಜಾಸ್ತಿ ಆಗಿದ್ಯಂತೆ, ಇಲ್ಲಿ ನೋಡ್ಕೊಳೋಣ."

"ಬ್ಯಾಡ ತಂಗಿ," ಎಂದು ಮುತ್ತಣ್ಣ ಪಿಸುಗುಟ್ಟಿದ. "ಇವನ ಬಾಜೂಕ ನಿಂತ್ರ ನಿನಗ ಕೈ ನಡಗತಾವ. ಎಂಬತ್ತು ಬರೂದು ಒಂದ ಓಟದಾಗ ಉಳದೈತಿ."

ಕಾಲು ಮುರಿದವಳನ್ನು ಒಮ್ಮೆಯೂ ಬಂದು ನೋಡದ ಮುಖ ಎರಡಡಿ ದೂರದಲ್ಲಿ ನಗುತ್ತಿತ್ತು. ಆ ಮುಖಕ್ಕೆ ಹೆಲ್ಮೆಟ್ಟಿನಿಂದ ಬಡಿಯಬೇಕೆಂಬ ಆಸೆ ಶಿವಗಂಗಾಳ ಮೊಣಕೈಯವರೆಗೆ ಬಂದು ನಿಂತಿತು. ಅವಳು ಚೀಟಿಯ ಬಲಗಡೆಯ ಪಂಕ್ತಿಯನ್ನು ಇನ್ನೊಮ್ಮೆ ನೋಡಿದಳು. ಒಂದು ಉಸಿರು ತೆಗೆದುಕೊಂಡಳು.

"ಆತು. ಯಾವ ಗಾಡಿ ತರ್ತಿ? ಅದನ?"

"ಅದೇ ಕಣಕ್ಕ. ಒಂದು ಬೋಲ್ಟೂ ಬದಲಾಯಿಸಿಲ್ಲ. ಕಂಪನಿ ಗಾಡಿ ಹೆಂಗಿತ್ತೋ ಹಂಗೇ."

"ಆದ್ರ ಅದು ನಲವತ್ತರ ಮ್ಯಾಲ ಹೋಗಾಂಗಿಲ್ಲಂತಲ್ಲ?" ಎಂದಳು ಶಿವಗಂಗಾ, ಗೆಳೆಯರಿಗೆಲ್ಲ ಕೇಳುವಂತೆ. "ನೀನ ಸೈ ಮಾಡಿ ಕೊಟ್ಟೀಯಂತ. ಇನ್ನೂರು ಮೀಟರ್ ಓಡಿದ್ರೂ ನಲವತ್ತು. ನಮ್ಮೂರ ಎಮ್ಮಿ ಅದಕ್ಕಿಂತ ಜೋರ ಓಡತಾವ."

ನಾಲ್ವರಲ್ಲಿ ಇಬ್ಬರು ಗೊಳ್ಳೆಂದು ನಕ್ಕರು. "ಏನ್ ಗುರು, ಫಾರ್ಟಿನಾ?" ಎಂದ ಒಬ್ಬ. ಹರ್ಷವರ್ಧನನ ಕಿವಿ ಕೆಂಪಾಯಿತು. ಕೋರ್ಟು, ಠಾಣೆ, ವಕೀಲರು, ಇವು ಯಾವುವೂ ಅವನ ತಲೆಯಲ್ಲಿ ಆ ಕ್ಷಣ ಉಳಿಯಲಿಲ್ಲ. ತನ್ನ ಬೈಕಿನ ಮರ್ಯಾದೆಯೊಂದೇ ಉಳಿಯಿತು. ಒಬ್ಬ ಹೆಂಗಸಿನ ಕಾಲಿಗಿಂತ ಬೈಕಿನ ಮರ್ಯಾದೆ ದೊಡ್ಡದೆಂದು ಬೆಳೆದವನಿಂದ ಬೇರೇನನ್ನು ನಿರೀಕ್ಷಿಸಲಾಗುತ್ತಿತ್ತು?

"ಬಾರೇ ನೀನು," ಎಂದ. "ಟ್ರ್ಯಾಕಲ್ಲಿ ತೋರಿಸ್ತೀನಿ."

ಅವರಿಬ್ಬರ ಹೆಸರನ್ನು ಒಟ್ಟಿಗೆ ಬರೆಯುವಾಗ ಪದ್ಮಾವತಿ ತಲೆಯೆತ್ತಿದರು. "ಬೇರೆ ಬೇರೆ ಕ್ಲಾಸ್ ಗಾಡಿ. ಪಾಯಿಂಟ್ಸ್ ಸಿಗಲ್ಲ. ಇಬ್ಬರಿಗೂ ಒಪ್ಪಿಗೆನಾ?" ಇಬ್ಬರೂ ಒಪ್ಪಿ ಸಹಿ ಮಾಡಿದರು. ಗಾಡಿಯ ನೋಂದಣಿ ಸಂಖ್ಯೆಯ ಜಾಗದಲ್ಲಿ ಹರ್ಷವರ್ಧನ್ ತನ್ನ ಕೈಯಾರೆ ಬರೆದ.

ಗೆರೆಯ ಬಳಿ ಶಿವಗಂಗಾ ಎದೆಯನ್ನು ಟ್ಯಾಂಕಿಗೆ ಒತ್ತಿದಳು. ಮೊದಲ ಹಳದಿ. ಎರಡನೆಯದು. ಮೂರನೆಯದು. ಆ ಕ್ಷಣ ಅವಳಿಗೆ ಕಾಗದ ಮರೆತುಹೋಯಿತು. ಅವನಿಗಿಂತ ಮೊದಲು ಹೊರಡಬೇಕು, ಅವನ ಮುಖಕ್ಕೆ ಧೂಳು ಎಬ್ಬಿಸಬೇಕು ಎಂದು ಇಡೀ ಮೈ ಕೂಗಿತು. ಹಸಿರು ಬಿತ್ತು. ಕೈ ಮಾತ್ರ ಕಾಯಿತು. ಒಂದು ಉಸಿರಿನಷ್ಟು. ಬಲಗಡೆಯ ಬೈಕು ಬೊಬ್ಬಿಟ್ಟು ಆಗಲೇ ಮೂರು ಬೈಕುಗಳಷ್ಟು ಮುಂದೆ ಸೇರಿತ್ತು.

ಆಮೇಲೆ ಅವಳು ಓಡಿಸಿದ ಓಟದಲ್ಲಿ ತಪ್ಪಿರಲಿಲ್ಲ. ಕ್ಲಚ್ಚು ನೆಲವನ್ನು ಹಿಡಿದ ಕ್ಷಣ ಬೆರಳಿಗೆ ಕೇಳಿಸಿತು. ಎರಡನೆಯ ಗೇರು, ಮೂರನೆಯದು, ನಾಲ್ಕನೆಯದು ಒಂದೊಂದೇ ಒದೆತಕ್ಕೆ ಬಿದ್ದವು. ಗೆರೆ ದಾಟಿ, ವೇಗ ಇಳಿಸಿ, ತಿರುಗಿ ಬರುವಾಗ ಹರ್ಷವರ್ಧನನ ಗೆಳೆಯರು ಅವನ ಬೆನ್ನು ತಟ್ಟುತ್ತಿದ್ದರು. "ಸಕ್ಕತ್ ಮಗಾ! ಅಕ್ಕ ಇನ್ನೂ ಬರ್ತಾನೇ ಇದಾರೆ!"

ಶಿವಗಂಗಾಳ ಮುಖಕ್ಕೆ ರಕ್ತ ನುಗ್ಗಿತು. ಮೂರು ಸೆಕೆಂಡಿಗೂ ಹೆಚ್ಚಿನ ಅಂತರದಲ್ಲಿ ಅವಳು ಸೋತಿದ್ದಳು. ಮುದ್ರಣಯಂತ್ರ ಚೀಟಿಯನ್ನು ಉಗುಳಿತು. ಎಡ ಪಂಕ್ತಿ: ಹನ್ನೆರಡು ಪಾಯಿಂಟ್ ನಾಲ್ಕು ಸೆಕೆಂಡು, ವೇಗ ಎಪ್ಪತ್ತೊಂಬತ್ತು ಪಾಯಿಂಟ್ ನಾಲ್ಕು.

"ಛೇ," ಎಂದ ಮುತ್ತಣ್ಣ. "ಅರ್ಧಾ ಅಕ್ಕಿಕಾಳಿನಷ್ಟು."

ಅವಳು ಚೀಟಿಯನ್ನು ಅವನ ಕಡೆ ತಿರುಗಿಸಿ ಬಲ ಪಂಕ್ತಿಯ ಕೆಳಗೆ ಹೆಬ್ಬೆರಳಿಟ್ಟಳು. ಹತ್ತು ಪಾಯಿಂಟ್ ಮೂರು ಸೆಕೆಂಡು. ವೇಗ ತೊಂಬತ್ತೆಂಟು ಪಾಯಿಂಟ್ ಆರು.

ಮುತ್ತಣ್ಣ ಬಾಯಿ ತೆರೆದವನು ಮುಚ್ಚಲು ಮರೆತ.

"ಮೇಡಂ," ಎಂದಳು ಶಿವಗಂಗಾ ಪದ್ಮಾವತಿಯವರಿಗೆ, "ಎರಡೂ ಗಾಡಿ ನಂಬರ್ ಇದರ ಮ್ಯಾಲ ಬರದು, ಸೀಲ್ ಹಾಕಿ ಕೊಡ್ತೀರೇನ್ರಿ?"

"ಕೇಳಿದೋರಿಗೆ ಕೊಡ್ಲೇಬೇಕು. ಅದು ನಿಯಮ," ಎಂದು ಅವರು ಕೇಳಿದ್ದನ್ನು ಬರೆದು, ದಿನಾಂಕ ಹಾಕಿ, ಮೊಹರು ಒತ್ತಿದರು. ದೂರದಲ್ಲಿ ಹರ್ಷವರ್ಧನ್ ಗೆಳೆಯರಿಗೆ ತಂಪುಪಾನೀಯ ಹಂಚುತ್ತಿದ್ದ.

ಸೋಮವಾರ ಸರ್ಕಾರಿ ರಜೆ. ಮಂಗಳವಾರ, ಏಪ್ರಿಲ್ ಹದಿನೈದರಂದು, ಮಧ್ಯಾಹ್ನ ಮೂರೂವರೆಗೆ ಶಿವಗಂಗಾ ಮತ್ತು ಹನುಮಯ್ಯ ಅದೇ ಮೇಜಿನ ಮುಂದೆ ನಿಂತರು. ಅಧಿಕಾರಿ ಚೀಟಿಯನ್ನು ಎರಡು ಸಲ ಓದಿದರು.

"ಇದು ರೇಸ್ ಟ್ರ್ಯಾಕ್ ಕಣಮ್ಮ. ರೋಡಲ್ಲ."

"ಹೌದ್ರಿ. ಅವತ್ತು ರಸ್ತಾದಾಗ ಎಷ್ಟು ಬಂದ ಅಂತ ಈ ಚೀಟಿ ಹೇಳಾಂಗಿಲ್ಲ. 'ಅಸಾಧ್ಯ' ಅಂತ ಬರದೀರಲ್ಲ, ಅದು ಸುಳ್ಳು ಅಂತಷ್ಟ ಹೇಳತೈತಿ. ಮೆಷೀನ್ ಕಾಗದ ಕೇಳಿದ್ರಿ. ಸೀಲ್ ಕೇಳಿದ್ರಿ. ಗಾಡಿ ಅದ, ಓಡಿಸಿದಾವ ಅವನ. ದೂರ ಮೂರು ಮೀಟರ್ ಕಮ್ಮೀನ ಐತಿ." ಅವಳ ದನಿ ಏರಿತು. ಹೊರಗಿನ ಪೇದೆಯೊಬ್ಬ ಇಣುಕಿದ. "ತಗೊಂಡೀವಿ ಅಂತ ಸೈ ಮಾಡಿ ಕೊಡ್ರಿ. ಅಲ್ಲೀತನ ನಾ ಇಲ್ಲಿಂದ ಏಳಾಂಗಿಲ್ಲ."

ಅಧಿಕಾರಿ ಪೇದೆಯನ್ನು ಕೈಸನ್ನೆಯಿಂದ ಕಳಿಸಿದರು. ಆಮೇಲೆ ಸ್ವೀಕೃತಿಗೆ ಸಹಿ ಹಾಕಿದರು. ಹೊಸ ಹಾಳೆಯೊಂದನ್ನು ಎಳೆದುಕೊಂಡು ಹನುಮಯ್ಯನವರ ಕಡೆ ತಿರುಗಿದರು. "ಸರಿ ತಾತ, ನಿಮ್ಮ ಹೇಳಿಕೆ ಮತ್ತೆ ಬರ್ಕೋತೀನಿ. ವೇಗ ತೊಂಬತ್ತೆಂಟು ಅಂತ ಹಾಕ್ಲಾ? ಚೀಟಿಗೆ ಹೊಂದುತ್ತೆ, ಕೇಸ್ ಗಟ್ಟಿ ಆಗುತ್ತೆ."

"ಬ್ಯಾಡ," ಎಂದರು ಹನುಮಯ್ಯ.

"ಯಾಕ್ರೀ? ನಿಮಗೇ ಒಳ್ಳೇದು."

"ನಾನು ಕಂಡಿದ್ದು ಎಂಬತ್ತರ ಮ್ಯಾಕೆ. ತೊಂಬತ್ತೆಂಟು ಅಂತ ನಾನು ಕಂಡಿಲ್ಲ. ಕಾಣದ್ದನ್ನ ಬರೆಸಿ ಆ ವಕೀಲನ ಪಕ್ಕ ನಾನೂ ಕುಂತ್ಕಳ್ಳಾ? ಎಂಬತ್ತರ ಮ್ಯಾಕೆ ಅಂತ ಬರೀರಿ. ಆವತ್ತೂ ಅದೇ ಯೋಳಿದ್ದೆ, ಈವತ್ತೂ ಅದೇ."

ಅಧಿಕಾರಿ ಎಂಬತ್ತರ ಮೇಲೆ ಎಂದೇ ಬರೆದರು. ಕ್ಷಮೆಯ ಮಾತು ಯಾರ ಬಾಯಿಂದಲೂ ಬರಲಿಲ್ಲ. ಮೇ ತಿಂಗಳ ಎರಡನೆಯ ತಾರೀಖು ಬಂದ ಹೆಚ್ಚುವರಿ ವರದಿಯಲ್ಲಿ ಹದಿನೆಂಟು ಸಾಲುಗಳಿದ್ದವು. ಹರ್ಷವರ್ಧನ್ ಆರೋಪಿಯಾಗಿದ್ದ. ಪಾದಚಾರಿ ಮಹಿಳೆಯು "ರಸ್ತೆ ದಾಟುತ್ತಿದ್ದಾಗ" ಎಂದಷ್ಟೇ ಇತ್ತು, ಓಡಿಬಂದಳೆಂಬುದು ಇರಲಿಲ್ಲ. ಶಿವಗಂಗಾ ಅದನ್ನು ಓದಿ ಹೇಳಿದಾಗ ದುರ್ಗವ್ವ ಮೊದಲು ಕೇಳಿದ್ದು ಪಂದ್ಯದ ವಿಷಯ.

"ಹಸಿರು ಕಂಡ ಮ್ಯಾಲ ಉಸುರು ತಗೊಂಡಿದ್ದೇನ?"

"ತಗೊಂಡೆ. ಅದಕ್ಕ ಎಲ್ಲಾರೂ ನಕ್ರು."

"ನಗಲಿ," ಎಂದಳು ದುರ್ಗವ್ವ.

ಆಕೆ ಊರುಗೋಲಿನೊಡನೆ ಕೆಲಸಕ್ಕೆ ಮರಳಿದ್ದು ಜೂನ್ ಒಂಬತ್ತು, ಸೋಮವಾರ. ಬೈಕಿನ ಹಿಂದೆ ಕೂರಲೊಪ್ಪದೆ, ಐವತ್ತೊಂದು ಮೆಟ್ಟಿಲು ತಾನೇ ಇಳಿದು, ಆ ಜೀಬ್ರಾ ಪಟ್ಟೆಯ ಅಂಚಿಗೆ ನಡೆದುಬಂದು ನಿಂತಳು. ಪಕ್ಕದಲ್ಲಿ ಶಿವಗಂಗಾ ಬೈಕನ್ನು ತಳ್ಳಿಕೊಂಡು ನಿಂತಿದ್ದಳು. ಎದುರು ಗೇಟಿನಿಂದ ಹನುಮಯ್ಯ ಕೈಯೆತ್ತಿದರು. ದುರ್ಗವ್ವ ಬಲಕ್ಕೆ ನೋಡಿದಳು, ಎಡಕ್ಕೆ ನೋಡಿದಳು, ಮತ್ತೆ ಬಲಕ್ಕೆ. ಪಟ್ಟೆಯ ಬಳಿ ತಡೆದು ನಿಂತ ಕಾರೊಂದು ಹಾರ್ನು ಬಾರಿಸತೊಡಗಿತು. ಅದರ ಹಿಂದಿನ ಎರಡು ಬೈಕುಗಳೂ ದನಿಗೂಡಿಸಿದವು. ಶಿವಗಂಗಾ ಹಲ್ಲು ಕಚ್ಚಿ ಅತ್ತ ತಿರುಗಿದಳು.

"ಒದರಲಿ ಬಿಡು," ಎಂದಳು ದುರ್ಗವ್ವ. ಉಸಿರು ಒಳಗೆಳೆದುಕೊಂಡು, ಪೂರ್ತಿ ಹೊರಗೆ ಬಿಟ್ಟು, ಆಮೇಲೆ ಕಾಲಿಟ್ಟಳು.